ಹೆಸರು ಬಿಡಿ, ಅಂಗಳ ಹಿಡಿಯಿರಿ: ವಿಕ್ಟೋರಿಯಾ ಕಾಲದ ಕುದುರೆ ಲಾಯದವನ ಬದುಕನ್ನು ದಾಖಲೆಗಳಲ್ಲಿ ಹುಡುಕುವ ಬಗೆ

ಇಂಗ್ಲೆಂಡಿಗೆ ಬಂದ ಹೊಸದರಲ್ಲಿ ನಾನು ಬಾಡಿಗೆಗಿದ್ದ ಮನೆಯ ಬಾಗಿಲು ತೀರಾ ಅಗಲವಾಗಿತ್ತು. ಒಂದು ಗಾಡಿಯೇ ಒಳಗೆ ಹೋಗಬಹುದಿತ್ತು. ಮಹಡಿಯಲ್ಲಿ ಮೆಟ್ಟಿಲೇ ಇಲ್ಲದ ಒಂದು ಬಾಗಿಲು. ತೆಗೆದರೆ ಎದುರಿಗೆ ಬರೀ ಗಾಳಿ. ಅಂಗಳದ ಕಲ್ಲುಹಾಸು ನಾಲ್ಕೂ ಕಡೆಯಿಂದ ನಡುವಿನ ಚರಂಡಿಯತ್ತ ಇಳಿಜಾರಾಗಿತ್ತು. ಪಕ್ಕದ ಮನೆಯ ಅಜ್ಜಿ ಹೇಳಿದ ಮೇಲೆಯೇ ಗೊತ್ತಾಗಿದ್ದು, ಅದು ಒಂದು ಕಾಲದ ಕುದುರೆ ಲಾಯ. ಮೇಲಿನ ಬಾಗಿಲು ಹುಲ್ಲಿನ ಹೊರೆ ಎಳೆದುಕೊಳ್ಳಲು. ಚರಂಡಿ ಕುದುರೆಗಳ ಗಂಜಲಕ್ಕೆ.

ಆ ಲಾಯ ನಡೆಸಿದವನು ಯಾರು ಎಂಬ ಪ್ರಶ್ನೆ ಅಂದಿನಿಂದ ನನ್ನನ್ನು ಬಿಡಲಿಲ್ಲ. ಅವನು ನನಗೆ ಸಂಬಂಧಿಕನಲ್ಲ, ಊರಿನವನೂ ಅಲ್ಲ. ಆದರೂ ಅವನ ಸೂರಿನ ಕೆಳಗೆ ಮೂರು ವರ್ಷ ಮಲಗಿದ್ದೇನೆ. ಅವನನ್ನು ಹುಡುಕುತ್ತಾ ಕಲಿತದ್ದನ್ನು ಇಲ್ಲಿ ಹೆಜ್ಜೆ ಹೆಜ್ಜೆಯಾಗಿ ಬರೆದಿದ್ದೇನೆ. ಬ್ರಿಟನ್ನಿನಲ್ಲಿ ನೀವಿರುವ ಬೀದಿಯ ಕಥೆ ನಿಮಗೆ ಬೇಕಿರಬಹುದು. ನಿಮ್ಮ ಮನೆತನಕ್ಕೆ ಆಂಗ್ಲೋ-ಇಂಡಿಯನ್ ಬೇರು ಇರಬಹುದು. ದಾರಿ ಒಂದೇ.

ಮುಖ್ಯವಾದ ಮಾತನ್ನು ಮೊದಲೇ ಹೇಳಿಬಿಡುತ್ತೇನೆ. ಬರೀ ಹೆಸರು ಹಿಡಿದು ಹೊರಟರೆ ದಾರಿ ತಪ್ಪುತ್ತದೆ. ಅಂಗಳವನ್ನು ಹಿಡಿದುಕೊಳ್ಳಿ. ಮನುಷ್ಯ ಊರು ಬಿಡುತ್ತಾನೆ, ದಿವಾಳಿಯಾಗುತ್ತಾನೆ, ಸಾಯುತ್ತಾನೆ. ಲಾಯ ಮಾತ್ರ ಅಲ್ಲೇ ಇರುತ್ತದೆ. ತೆರಿಗೆಯವನು, ಗಣತಿಯವನು, ನಕ್ಷೆಯವನು, ವಿಮೆಯವನು ಎಲ್ಲರೂ ಅದೇ ಬಾಗಿಲಿಗೆ ಬರುತ್ತಾರೆ.

ಮೊದಲು ಆ ಕಸುಬು ಏನೆಂದು ತಿಳಿದುಕೊಳ್ಳಿ

ಲಿವರಿ ಸ್ಟೇಬಲ್ ಕೀಪರ್ ಅಂದರೆ ದುಡ್ಡು ತಗೊಂಡು ಬೇರೆಯವರ ಕುದುರೆ ಸಾಕಿಕೊಡುವವನು. ‘ಲಿವರಿ’ ಎಂಬ ಮಾತು ಹಳೆಯ ಫ್ರೆಂಚಿನಿಂದ ಬಂದದ್ದು. ಕೊಡಬೇಕಾದ ಪಡಿ, ಮೇವಿನ ಪಾಲು ಎಂಬ ಅರ್ಥ ಅದಕ್ಕಿತ್ತು. ಪಟ್ಟಣದ ವೈದ್ಯರು, ವಕೀಲರು, ವರ್ತಕರು ಕುದುರೆ ಇಟ್ಟುಕೊಳ್ಳುತ್ತಿದ್ದರು. ಆದರೆ ಎಲ್ಲರ ಮನೆ ಹಿಂದೆಯೂ ಲಾಯಕ್ಕೆ ಜಾಗ ಎಲ್ಲಿರುತ್ತದೆ? ಅವರ ಕುದುರೆ ಇವನ ಹತ್ತಿರ. ಹುಲ್ಲು, ಓಟ್ಸು, ಮೈ ಉಜ್ಜುವುದು, ಲಾಳ ಕಟ್ಟಿಸುವುದು ಎಲ್ಲ ಇವನ ಜವಾಬ್ದಾರಿ. ಜೊತೆಗೆ ತನ್ನದೇ ಕುದುರೆ, ಗಾಡಿಗಳನ್ನು ಬಾಡಿಗೆಗೂ ಬಿಡುತ್ತಿದ್ದ. ಮದುವೆಗೆ ಸಾರೋಟು, ಶವಯಾತ್ರೆಗೆ ಕಪ್ಪು ಕುದುರೆ, ರೈಲ್ವೆ ಸ್ಟೇಷನ್ನಿಗೆ ಬಂಡಿ.

ಇದು ಯಾಕೆ ಮುಖ್ಯ ಅಂದರೆ, ಒಬ್ಬನೇ ಮನುಷ್ಯ ಬೇರೆ ಬೇರೆ ದಾಖಲೆಗಳಲ್ಲಿ ಬೇರೆ ಬೇರೆ ಹೆಸರಿನ ಕಸುಬಿನಲ್ಲಿ ಸಿಗುತ್ತಾನೆ. ತಿಂಗಳ ಲೆಕ್ಕದಲ್ಲೋ ವರ್ಷದ ಲೆಕ್ಕದಲ್ಲೋ ಕುದುರೆ ಗಾಡಿ ಬಾಡಿಗೆಗೆ ಕೊಟ್ಟರೆ ಅವನು ಜಾಬ್ ಮಾಸ್ಟರ್. ಬ್ರೈಟನ್, ಚೆಲ್ಟನ್‌ಹ್ಯಾಮ್‌ನಂಥ ಊರುಗಳಲ್ಲಿ ‘ಫ್ಲೈ’ ಎಂಬ ಹಗುರ ಬಾಡಿಗೆ ಗಾಡಿ ಇಟ್ಟಿದ್ದರೆ ಫ್ಲೈ ಪ್ರೊಪ್ರೈಟರ್. ಕ್ಯಾಬ್ ಪ್ರೊಪ್ರೈಟರ್, ಹಾರ್ಸ್ ಕೀಪರ್ ಎಂದೂ ಬರೆದುಕೊಳ್ಳುತ್ತಾರೆ. ಸ್ಕಾಟ್ಲೆಂಡಿನಲ್ಲಿ ಸ್ಟೇಬ್ಲರ್, ಹಾರ್ಸ್ ಹೈರರ್. ಕೆಳಗಿನ ಆಳುಗಳು ಬೇರೆ: ಕುದುರೆಯ ಮೈ ಉಜ್ಜುವ ಗ್ರೂಮ್, ಬಂದ ಕುದುರೆಗಳನ್ನು ನೋಡಿಕೊಳ್ಳುವ ಆಸ್ಲರ್, ಗಾಡಿ ಓಡಿಸುವ ಕೋಚ್‌ಮನ್, ಕೈಕೆಲಸದ ಸ್ಟೇಬಲ್ ಹೆಲ್ಪರ್. ಈ ಎಲ್ಲ ಪದಗಳನ್ನೂ ಒಂದು ಹಾಳೆಯಲ್ಲಿ ಬರೆದಿಟ್ಟುಕೊಳ್ಳಿ. ಹುಡುಕುವಾಗ ಒಂದೊಂದಾಗಿ ಹಾಕಿ ನೋಡಬೇಕಾಗುತ್ತದೆ.

ಒಂದು ಬಲೆ ಇದೆ, ಜೋಪಾನ. ಲಂಡನ್ ಸಿಟಿಯ ಹಳೆಯ ವೃತ್ತಿ ಸಂಘಗಳನ್ನು ‘ಲಿವರಿ ಕಂಪನಿ’ ಎನ್ನುತ್ತಾರೆ. ಮನೆಯಾಳುಗಳ ಸಮವಸ್ತ್ರಕ್ಕೂ ‘ಲಿವರಿ’ ಎಂದೇ ಹೆಸರು. ಸುಮ್ನೆ ‘ಲಿವರಿ’ ಎಂದು ಹುಡುಕಿದರೆ ಇವೆರಡರ ರಾಶಿ ಬಂದು ಬೀಳುತ್ತದೆ, ಕುದುರೆಯ ವಾಸನೆಯೂ ಸಿಗುವುದಿಲ್ಲ.

ಅಂಗಳವನ್ನು ನಕ್ಷೆಯಲ್ಲಿ ಗುರುತಿಸಿ

ನ್ಯಾಷನಲ್ ಲೈಬ್ರರಿ ಆಫ್ ಸ್ಕಾಟ್ಲೆಂಡ್‌ನ ಜಾಲತಾಣಕ್ಕೆ ಹೋಗಿ. ಹೆಸರು ಸ್ಕಾಟ್ಲೆಂಡಿನದಾದರೂ ಇಂಗ್ಲೆಂಡಿನ ಹಳೆಯ ಆರ್ಡ್‌ನೆನ್ಸ್ ಸರ್ವೆ (ಸರ್ಕಾರಿ ಭೂಮಾಪನ) ನಕ್ಷೆಗಳೂ ಅಲ್ಲಿವೆ, ಕಾಸಿಲ್ಲದೆ ಸಿಗುತ್ತವೆ. ಇಂದಿನ ನಕ್ಷೆಯ ಮೇಲೆ ಹಳೆಯದನ್ನು ಹೊದಿಸಿ ನೋಡಬಹುದು. ಒಂದು ಮೈಲಿಗೆ 25 ಇಂಚಿನ ನಕ್ಷೆ ನಿಮಗೆ ಸಾಕು. ಲಂಡನ್ ಆದರೆ ಮೈಲಿಗೆ 5 ಅಡಿಯ ನಕ್ಷೆ ಇದೆ, ಒಂದೊಂದು ಮನೆಯ ಆಕಾರವೂ ಕಾಣುತ್ತದೆ. ದೊಡ್ಡ ಮನೆಗಳ ಹಿಂಬದಿಯ ಸಣ್ಣ ಓಣಿಗೆ ‘ಮ್ಯೂಸ್’ ಎಂದು ಹೆಸರಿದ್ದರೆ ಅದು ಲಾಯಗಳ ಓಣಿ. ಕೆಳಗೆ ಕುದುರೆ ಮತ್ತು ಗಾಡಿ, ಮೇಲೆ ಕೋಚ್‌ಮನ್‌ನ ಸಂಸಾರ.

1886ರ ನಂತರದ ದೊಡ್ಡ ಊರುಗಳಿಗೆ ಗೋಡ್ ಕಂಪನಿಯ ಬೆಂಕಿ ವಿಮೆ ನಕ್ಷೆಗಳಿವೆ. ಕಟ್ಟಡ ಇಟ್ಟಿಗೆಯದೋ ಮರದ್ದೋ, ಎಷ್ಟು ಮಹಡಿ, ಒಳಗೆ ಏನು ವ್ಯಾಪಾರ ಎಂದೆಲ್ಲ ಅದರಲ್ಲಿ ಬರೆದಿರುತ್ತದೆ. ಒಣಹುಲ್ಲು ತುಂಬಿದ ಲಾಯ ಎಂದರೆ ವಿಮೆಯವನಿಗೆ ಎದೆ ಢವಢವ. ಅದಕ್ಕೇ ಲಾಯಗಳನ್ನು ಬಿಡದೆ ಗುರುತು ಹಾಕಿದ್ದಾರೆ.

ನಕ್ಷೆಯಲ್ಲಿ ಸುತ್ತಮುತ್ತ ಏನಿದೆ ಎಂದೂ ನೋಡಿ. ಕಮ್ಮಾರನ ಕುಲುಮೆ ಎಲ್ಲಿ, ಹೆಂಡದಂಗಡಿ ಎಲ್ಲಿ, ಸ್ಟೇಷನ್ ಎಷ್ಟು ದೂರ. ರೈಲು ಬಂದ ಮೇಲೆ ಕುದುರೆ ವ್ಯಾಪಾರ ಸತ್ತಿತು ಎಂದು ನಾನು ಅಂದುಕೊಂಡಿದ್ದೆ. ಅದು ತಪ್ಪು. ಸತ್ತಿದ್ದು ಊರಿಂದೂರಿಗೆ ಹೋಗುವ ಸ್ಟೇಜ್ ಕೋಚ್ ಮಾತ್ರ. ರೈಲಿನಿಂದ ಇಳಿದವರು ಮನೆಗೆ ಹೋಗಬೇಕಲ್ಲ? ಬ್ರೈಟನ್ನಿಗೆ 1841ರಲ್ಲಿ ಲಂಡನ್ ರೈಲು ಬಂತು. ಆಮೇಲೆ ಅಲ್ಲಿ ಬಾಡಿಗೆ ಗಾಡಿಗಳ ಕೆಲಸ ಜಾಸ್ತಿಯೇ ಆಯಿತು.

ಡೈರೆಕ್ಟರಿಗಳಿಂದ ಒಂದು ಪಟ್ಟಿ ಮಾಡಿ

ವಿಕ್ಟೋರಿಯಾ ರಾಣಿ ಆಳಿದ್ದು 1837ರಿಂದ 1901ರವರೆಗೆ. ಈ ಅವಧಿಯಲ್ಲಿ ಊರೂರಿಗೂ ವ್ಯಾಪಾರಿಗಳ ಡೈರೆಕ್ಟರಿ ಅಚ್ಚಾಗುತ್ತಿತ್ತು. ಪಿಗಟ್, ಸ್ಲೇಟರ್, ವೈಟ್, ಕೆಲಿ ಎಂಬ ಪ್ರಕಾಶಕರ ಹೆಸರು ನೆನಪಿಡಿ. ಲೆಸ್ಟರ್ ವಿಶ್ವವಿದ್ಯಾಲಯ ಇಂಥ ನೂರಾರು ಡೈರೆಕ್ಟರಿಗಳನ್ನು ಜಾಲದಲ್ಲಿ ಉಚಿತವಾಗಿ ಇಟ್ಟಿದೆ.

ದೊಡ್ಡ ಊರಿನ ಡೈರೆಕ್ಟರಿಯಲ್ಲಿ ಹೆಸರಿನ ಭಾಗ, ಕಸುಬಿನ ಭಾಗ, ಬೀದಿಯ ಭಾಗ ಬೇರೆ ಬೇರೆ ಇರುತ್ತವೆ. ಬೀದಿಯ ಭಾಗದಿಂದ ಶುರುಮಾಡಿ. ಆ ಅಂಗಳದಲ್ಲಿ 1840, 1845, 1850ರಲ್ಲಿ ಯಾರಿದ್ದರು ಎಂದು ಬರೆಯುತ್ತಾ ಹೋಗಿ. ಹೆಸರು ಬದಲಾದ ವರ್ಷಕ್ಕೆ ಗುರುತು ಹಾಕಿ. ಆ ವರ್ಷದಲ್ಲೇ ಏನೋ ನಡೆದಿದೆ: ಸಾವು, ಸಾಲ, ಮಾರಾಟ, ಪಾಲುದಾರರ ಜಗಳ. ಮುಂದೆ ಪತ್ರಿಕೆ ಹುಡುಕುವಾಗ ಈ ವರ್ಷವೇ ನಿಮಗೆ ಬಾಗಿಲು.

ಡೈರೆಕ್ಟರಿಯ ಮೇಲೆ ಅಚ್ಚಾದ ವರ್ಷವನ್ನು ಹಾಗೇ ನಂಬಬೇಡಿ. ಮಾಹಿತಿ ಕಲೆಹಾಕಿದ್ದು ಕೆಲವು ತಿಂಗಳು ಮೊದಲು. 1862ರ ಪುಸ್ತಕದಲ್ಲಿರುವವನು 1861ರಲ್ಲೇ ಸತ್ತಿರಬಹುದು.

ನನ್ನ ಅಂಗಳದ ಪಟ್ಟಿಯಲ್ಲಿ ಒಂದು ಹೆಸರು ಇಪ್ಪತ್ತು ವರ್ಷ ಇತ್ತು. ಆಮೇಲೆ ಅದೇ ಮನೆಹೆಸರಿನ ಮುಂದೆ ‘ಮಿಸೆಸ್’ ಬಂತು. ಇಂಥದ್ದು ಕಂಡರೆ ನಿಲ್ಲಿ. ಗಂಡ ಸತ್ತ ಮೇಲೆ ಹೆಂಡತಿ ಲಾಯ ನಡೆಸುವುದು ಅಪರೂಪವೇನಲ್ಲ. ಗಂಡನ ಕಾಲದಲ್ಲೂ ಲೆಕ್ಕದ ಪುಸ್ತಕ ಆಕೆಯ ಕೈಯಲ್ಲೇ ಇದ್ದಿರಬಹುದು. ಆದರೆ ದಾಖಲೆಗಳು ಆಕೆಯ ಹೆಸರು ಬರೆಯಲು ಶುರುಮಾಡುವುದು ಅವನು ಹೋದ ಮೇಲೆ.

ಜನಗಣತಿ: ಮನೆಯ ಪುಟ ಮಾತ್ರವಲ್ಲ, ಇಡೀ ಓಣಿ ಓದಿ

ಇಂಗ್ಲೆಂಡಿನಲ್ಲಿ ಹತ್ತು ವರ್ಷಕ್ಕೊಮ್ಮೆ ಗಣತಿ. ಮನೆಮನೆಯ ಹೆಸರುಗಳು ಉಳಿದಿರುವುದು 1841ರಿಂದ. ಆ ವರ್ಷದ್ದು ಸ್ವಲ್ಪ ಒರಟು. 15 ದಾಟಿದವರ ವಯಸ್ಸನ್ನು ಐದರ ಲೆಕ್ಕಕ್ಕೆ ಇಳಿಸಿ ಬರೆಯಬೇಕಿತ್ತು. ಅಂದರೆ 34 ವಯಸ್ಸಿನವನು 30 ಆಗಿರುತ್ತಾನೆ. ಯಾರು ಯಾರಿಗೆ ಏನಾಗಬೇಕು ಎಂದೂ ಇಲ್ಲ. ಹುಟ್ಟಿದ್ದು ಅದೇ ಕೌಂಟಿಯಲ್ಲೋ ಅಲ್ಲವೋ ಎಂದಷ್ಟೇ ಇದೆ.

1851ರಿಂದ ವಿವರ ತುಂಬಿಕೊಳ್ಳುತ್ತದೆ. ನಿಜವಾದ ವಯಸ್ಸು, ಸಂಬಂಧ, ಹುಟ್ಟಿದ ಪ್ಯಾರಿಷ್ (ಒಂದು ಚರ್ಚಿನ ವ್ಯಾಪ್ತಿಯ ಊರು) ಎಲ್ಲ ಇರುತ್ತದೆ. ಹುಟ್ಟಿದ ಊರು ಸಿಕ್ಕಿತೆಂದರೆ ಅರ್ಧ ಕೆಲಸ ಆದಂತೆ. ಲಂಡನ್ನಿನ ಲಾಯದವನು ಹುಟ್ಟಿದ್ದು ದೂರದ ಯಾವುದೋ ಹಳ್ಳಿಯಲ್ಲಿ ಎಂದು ತಿಳಿದಾಗ, ಹಳ್ಳಿಯ ಕುದುರೆ ಹುಡುಗ ಪಟ್ಟಣಕ್ಕೆ ಬಂದ ದಾರಿ ಕಣ್ಣ ಮುಂದೆ ಬರುತ್ತದೆ. 1851ರಿಂದ 1881ರವರೆಗೆ ಮಾಲೀಕರು ಎಷ್ಟು ಜನ ಆಳು ಇಟ್ಟಿದ್ದಾರೆಂದೂ ಹೇಳಬೇಕಿತ್ತು. ಎಲ್ಲರೂ ಹೇಳಿಲ್ಲ. ಹೇಳಿದ್ದರೆ ‘ಆರು ಗಂಡಾಳು, ಇಬ್ಬರು ಹುಡುಗರು’ ಎಂಬ ಸಾಲು ಸಿಗುತ್ತದೆ. ವ್ಯಾಪಾರದ ಅಳತೆ ಅದರಲ್ಲೇ ಇದೆ. 1891ರಲ್ಲಿ ಧಣಿಯೋ, ಕೂಲಿಯೋ, ಎರಡೂ ಅಲ್ಲವೋ ಎಂದು ಪ್ರತ್ಯೇಕ ಕಾಲಂ ಬಂತು.

1881ರ ಗಣತಿಯ ಅಕ್ಷರರೂಪ ಫ್ಯಾಮಿಲಿಸರ್ಚ್ ತಾಣದಲ್ಲಿ ಉಚಿತ. ಹೊಸಬರು ಅಲ್ಲಿಂದ ಶುರುಮಾಡಿ, ಹಿಂದಕ್ಕೂ ಮುಂದಕ್ಕೂ ಹೋಗುವುದು ಒಳ್ಳೆಯದು. ಉಳಿದ ವರ್ಷಗಳ ಗಣತಿ ಪುಟಗಳ ಚಿತ್ರಗಳು ಆನ್ಸೆಸ್ಟ್ರಿ, ಫೈಂಡ್‌ಮೈಪಾಸ್ಟ್ ತಾಣಗಳಲ್ಲಿ ಹಣಕ್ಕೆ ಸಿಗುತ್ತವೆ. ಬ್ರಿಟನ್ನಿನಲ್ಲಿರುವವರು ಮೊದಲು ಊರಿನ ಲೈಬ್ರರಿಯಲ್ಲಿ ಕೇಳಿ. ಅನೇಕ ಕಡೆ ಅಲ್ಲಿಯ ಕಂಪ್ಯೂಟರಿನಲ್ಲಿ ಇವನ್ನು ಉಚಿತವಾಗಿ ನೋಡಬಹುದು.

ನನ್ನ ಅನುಭವದಲ್ಲಿ ಜಾಸ್ತಿ ಫಲ ಕೊಟ್ಟಿದ್ದು ಒಂದೇ ಅಭ್ಯಾಸ. ಅವನ ಮನೆ ಸಿಕ್ಕ ಮೇಲೆ ಹಿಂದಿನ ಎರಡು ಪುಟ, ಮುಂದಿನ ಎರಡು ಪುಟ ಓದುವುದು. ಓಣಿಯ ಇನ್ನೊಂದು ಬಾಗಿಲಲ್ಲಿ ಅವನ ಆಸ್ಲರ್ ಇರುತ್ತಾನೆ. ಮೂಲೆಯಲ್ಲಿ ಲಾಳ ಕಟ್ಟುವವನು. ಎದುರಿಗೆ ಓಟ್ಸು, ಹೊಟ್ಟು ಮಾರುವ ಅಂಗಡಿಯವನು. ಜೀನು ಹೊಲಿಯುವವನು, ಚಕ್ರ ಮಾಡುವವನು, ಗಾಡಿಗೆ ಬಣ್ಣ ಬಳಿಯುವವನು. ಮುಂದೆ ಮಗಳ ಮದುವೆ ರಿಜಿಸ್ಟರಿನಲ್ಲಿ ಸಾಕ್ಷಿ ಹಾಕಿದವರು ಇವರೇ ಆಗಿರುತ್ತಾರೆ. ಅಳಿಯನೂ ಇವರಲ್ಲೊಬ್ಬನಾಗಿರಬಹುದು.

ಕೈಬರಹದ ಬಗ್ಗೆ ಒಂದು ಮಾತು. ಗಣತಿಯವರು ಹೆಸರನ್ನು ಮೊಟಕು ಮಾಡುತ್ತಿದ್ದರು. ಜೆ, ಎನ್, ಒ ಎಂಬ ಮೂರು ಅಕ್ಷರ ಕಂಡರೆ ಅದು ಜಾನ್. ಜೆ, ಎ, ಎಸ್ ಎಂದರೆ ಜೇಮ್ಸ್. ಎರಡು ಎಸ್ ಒಟ್ಟಿಗೆ ಬಂದರೆ ಮೊದಲನೆಯದು ಎಫ್‌ನಂತೆ ಕಾಣುತ್ತದೆ. ಎಣಿಕೆ ಗುಮಾಸ್ತರು ಕಸುಬಿನ ಮೇಲೆಯೇ ಗೀಟು ಎಳೆದುಬಿಟ್ಟಿರುತ್ತಾರೆ. ಹಾಗಾಗಿ ಬೇರೆಯವರು ಟೈಪು ಮಾಡಿದ್ದನ್ನು ನಂಬಿ ಕೂರದೆ, ಮೂಲ ಚಿತ್ರವನ್ನು ಕಣ್ಣಾರೆ ನೋಡಿ.

ಮಕ್ಕಳ ಕಾಗದಗಳಲ್ಲಿ ಅಪ್ಪನ ಏಳುಬೀಳು

ಈ ಹೆಜ್ಜೆಯನ್ನು ಬಹಳ ಜನ ಬಿಟ್ಟುಬಿಡುತ್ತಾರೆ. ನನಗೆ ತುಂಬ ಇಷ್ಟವಾದ ಹೆಜ್ಜೆ ಇದೇ.

1813ರಿಂದ ಚರ್ಚ್ ಆಫ್ ಇಂಗ್ಲೆಂಡಿನ ಬ್ಯಾಪ್ಟಿಸಂ ರಿಜಿಸ್ಟರಿನಲ್ಲಿ ಅಪ್ಪನ ಕಸುಬು ಬರೆಯುವ ಕಾಲಂ ಬಂತು. 1837ರ ಜುಲೈ 1ರಿಂದ ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಸರ್ಕಾರಿ ಜನನ, ಮರಣ, ಮದುವೆ ನೋಂದಣಿ ಶುರುವಾಯಿತು. ಅಲ್ಲೂ ಅಪ್ಪನ ಕಸುಬು ಇದೆ. ಎಂಟು ಮಕ್ಕಳಿದ್ದರೆ ಎಂಟು ಸಲ ಅವನು ತಾನು ಏನು ಕೆಲಸ ಮಾಡುತ್ತೇನೆ, ಎಲ್ಲಿದ್ದೇನೆ ಎಂದು ಹೇಳಿದ್ದಾನೆ ಎಂದಾಯಿತು, ಅಲ್ವಾ? ಗಣತಿ ಹತ್ತು ವರ್ಷಕ್ಕೊಮ್ಮೆ. ಮಕ್ಕಳು ಎರಡು ವರ್ಷಕ್ಕೊಮ್ಮೆ.

ನಾನು ಹುಡುಕುತ್ತಿದ್ದವನ ಮೊದಲ ಮಗುವಿಗೆ ಅಪ್ಪ ಗ್ರೂಮ್. ಮೂರನೆಯದಕ್ಕೆ ಕೋಚ್‌ಮನ್. ಐದನೆಯದಕ್ಕೆ ಲಿವರಿ ಸ್ಟೇಬಲ್ ಕೀಪರ್. ಹನ್ನೊಂದು ವರ್ಷದಲ್ಲಿ ಬೇರೆಯವರ ಕುದುರೆ ಉಜ್ಜುವವನು ಸ್ವಂತ ಅಂಗಳ ಹಿಡಿದಿದ್ದ. ಈ ಮೂರು ಪದಗಳನ್ನು ಒಂದರ ಕೆಳಗೊಂದು ಬರೆದ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಎಲ್ಲ ಮಕ್ಕಳನ್ನೂ ಹುಡುಕುವುದು ಹೇಗೆ? ಜನರಲ್ ರಿಜಿಸ್ಟರ್ ಆಫೀಸಿನ ಜಾಲದ ಸೂಚಿಯಲ್ಲಿ 1837ರಿಂದಲೇ ತಾಯಿಯ ತವರಿನ ಮನೆಹೆಸರು ಕೊಟ್ಟಿದ್ದಾರೆ. ಅಪ್ಪನ ಮನೆಹೆಸರು, ತಾಯಿಯ ತವರು ಹೆಸರು, ನೋಂದಣಿ ಜಿಲ್ಲೆ ಮೂರನ್ನೂ ಹಾಕಿ ಹುಡುಕಿ. ಬದುಕದೆ ಹೋದ ಕೂಸುಗಳೂ ಸಿಗುತ್ತವೆ. ಫ್ರೀಬಿಎಂಡಿ ಎಂಬ ತಾಣವೂ ಉಚಿತ, ಆದರೆ ಅದು ಆಧರಿಸಿರುವ ಹಳೆಯ ಸೂಚಿಯಲ್ಲಿ ತಾಯಿಯ ತವರು ಹೆಸರು ಬರುವುದು 1911ರ ನಂತರ. ಇನ್ನೊಂದು ವಿಷಯ, ಜನನ ನೋಂದಾಯಿಸದಿದ್ದರೆ ಅಪ್ಪ ಅಮ್ಮನಿಗೆ ದಂಡ ಎಂದಾಗಿದ್ದು 1874ರ ಕಾಯ್ದೆಯಿಂದ. ಅದಕ್ಕೂ ಮೊದಲಿನ ಮಗು ಸೂಚಿಯಲ್ಲಿ ಇಲ್ಲದಿದ್ದರೆ ಚರ್ಚಿನ ರಿಜಿಸ್ಟರ್ ನೋಡಿ.

ಮದುವೆಯ ಕಾಗದದಲ್ಲಿ ಗಂಡು ಹೆಣ್ಣು ಇಬ್ಬರ ಅಪ್ಪಂದಿರ ಹೆಸರು, ಕಸುಬು ಇರುತ್ತದೆ. ಮಗಳು ಮದುವೆಯಾದಾಗ ಅಪ್ಪನನ್ನು ‘ಜೆಂಟಲ್‌ಮನ್’ ಎಂದು ಬರೆಸಿದ್ದರೆ ನಗಬೇಡಿ, ನಂಬಲೂ ಬೇಡಿ. ಮದುವೆಯ ದಿನ ಎಲ್ಲರೂ ಸ್ವಲ್ಪ ಎತ್ತರ ನಿಲ್ಲುತ್ತಾರೆ.

ಮರಣದ ಕಾಗದದಲ್ಲಿ ಕಾರಣದ ಕಾಲಂ ಗಮನಿಸಿ. ಕುದುರೆ ಒದ್ದು ಸತ್ತವರಿದ್ದಾರೆ, ಗಾಡಿ ಮಗುಚಿ ಸತ್ತವರಿದ್ದಾರೆ. ಗ್ಲ್ಯಾಂಡರ್ಸ್ ಎಂಬ ಕುದುರೆಯ ಅಂಟುರೋಗ ಮನುಷ್ಯರಿಗೂ ತಗಲುತ್ತಿತ್ತು. ಅದು ಬಂದ ಲಾಯದಾಳು ಉಳಿಯುವುದು ಕಷ್ಟ. ಸಹಜವಲ್ಲದ ಸಾವಾದರೆ ಕಾರೋನರ್ (ಸಾವಿನ ಕಾರಣ ತನಿಖೆ ಮಾಡುವ ಅಧಿಕಾರಿ) ವಿಚಾರಣೆ ನಡೆದಿರುತ್ತದೆ. ವಿಚಾರಣೆಯ ಮೂಲ ಕಾಗದ ಎಷ್ಟೋ ಸಲ ಉಳಿದಿಲ್ಲ, ಆದರೆ ಊರಿನ ಪತ್ರಿಕೆ ಅದನ್ನು ವರದಿ ಮಾಡಿರುತ್ತದೆ.

ಸಾಲ, ದಿವಾಳಿ, ಕೋರ್ಟು

ಲಾಯದವನ ಬದುಕು ಸಾಲದ ಮೇಲೆ ನಿಂತದ್ದು. ಹುಲ್ಲು, ಓಟ್ಸು ಸಾಲಕ್ಕೆ ಬರುತ್ತಿತ್ತು. ಗಿರಾಕಿಗಳು ದೊಡ್ಡ ಮನುಷ್ಯರು, ಬಾಕಿ ತೀರಿಸುವುದು ತಮಗೆ ಮನಸ್ಸು ಬಂದಾಗ. ಇಲ್ಲಿ ಕಾನೂನಿನ ಒಂದು ಸೂಕ್ಷ್ಮ ತಿಳಿದಿದ್ದರೆ ದಾಖಲೆ ಓದುವುದು ಸುಲಭ. ಛತ್ರದಂತೆ ತಂಗುಮನೆ ನಡೆಸುವವನಿಗೆ, ಬಾಕಿ ತೀರುವವರೆಗೆ ಗಿರಾಕಿಯ ಕುದುರೆಯನ್ನು ಹಿಡಿದಿಟ್ಟುಕೊಳ್ಳುವ ಹಕ್ಕಿತ್ತು. ಲಿವರಿ ಲಾಯದವನಿಗೆ ಆ ಹಕ್ಕು ಇರಲಿಲ್ಲ. ಕುದುರೆಯನ್ನು ಮಾಲೀಕ ಯಾವಾಗ ಬೇಕಾದರೂ ಸವಾರಿಗೆ ಒಯ್ಯಬಹುದಾದ್ದರಿಂದ ಅದು ಇವನ ವಶದಲ್ಲಿದೆ ಎನ್ನಲಾಗದು ಎಂಬುದು ವಾದ. ಅದಕ್ಕೆ ತದ್ವಿರುದ್ಧವಾಗಿ, ಲಾಯದ ಬಾಡಿಗೆ ಕಟ್ಟದಿದ್ದರೆ ಜಾಗದ ಒಡೆಯ ಅಲ್ಲಿ ನಿಂತಿದ್ದ ಗಿರಾಕಿಗಳ ಕುದುರೆಗಳನ್ನೂ ಜಪ್ತಿ ಮಾಡಬಹುದಿತ್ತು! ಎರಡೂ ಕಡೆಯಿಂದ ಏಟು. ಹಾಗಾಗಿ ಅವನಿಗೆ ಉಳಿದ ದಾರಿ ಕೋರ್ಟು. ಸಣ್ಣ ಸಾಲದ ದಾವೆಗೆಂದೇ 1847ರಲ್ಲಿ ಕೌಂಟಿ ಕೋರ್ಟುಗಳು ಕೆಲಸ ಶುರುಮಾಡಿದವು. ಊರಿನ ಪತ್ರಿಕೆಯಲ್ಲಿ ಅವುಗಳ ವರದಿ ಹುಡುಕಿ.

ಅವನೇ ಮುಳುಗಿದ್ದರೆ ಲಂಡನ್ ಗೆಜೆಟ್ ನೋಡಿ. ಇದು 1665ರಿಂದ ನಡೆದು ಬಂದ ಸರ್ಕಾರಿ ಪತ್ರಿಕೆ. ಜಾಲದಲ್ಲಿ ಉಚಿತ. ದಿವಾಳಿ, ಪಾಲುದಾರಿಕೆ ಮುರಿದದ್ದು, ಸತ್ತವನಿಗೆ ಸಾಲ ಕೊಟ್ಟವರಿಗೆ ಕರೆ ಎಲ್ಲ ಅದರಲ್ಲಿ ಬರುತ್ತದೆ. 1861ಕ್ಕೆ ಮೊದಲು ‘ದಿವಾಳಿ’ ಎಂಬುದು ವ್ಯಾಪಾರಿಗಳಿಗೆ ಮಾತ್ರ ಸಿಗುತ್ತಿದ್ದ ಸೌಲಭ್ಯ. ಉಳಿದವರು ಸಾಲ ತೀರಿಸಲಾಗದ ಇನ್‌ಸಾಲ್ವೆಂಟ್‌ಗಳು, ಜೈಲು ಸೇರುತ್ತಿದ್ದರು. ಲಿವರಿ ಲಾಯದವರನ್ನು ಹೆಸರು ಹೇಳಿ ವ್ಯಾಪಾರಿಗಳ ಸಾಲಿಗೆ ಸೇರಿಸಿದ್ದು 1842ರ ಕಾಯ್ದೆ. ಹಾಗಾಗಿ 1842ಕ್ಕೆ ಮೊದಲಾದರೆ ಇನ್‌ಸಾಲ್ವೆಂಟ್ ಪಟ್ಟಿಯನ್ನು ಮರೆಯದೆ ನೋಡಿ, ಆಮೇಲಾದರೆ ಎರಡನ್ನೂ ನೋಡಿ. ಸಾಲಕ್ಕೆ ಜೈಲು ಹಾಕುವುದು ಬಹುಮಟ್ಟಿಗೆ ನಿಂತದ್ದು 1869ರ ಕಾಯ್ದೆಯಿಂದ.

ಇನ್‌ಸಾಲ್ವೆಂಟ್ ಪ್ರಕಟಣೆ ಓದಲು ಸಂಕಟ, ಹುಡುಕುವವನಿಗೆ ಮಾತ್ರ ನಿಧಿ. ಹಿಂದೆ ಇಂಥ ಬೀದಿಯಲ್ಲಿದ್ದ, ಆಮೇಲೆ ಇಂಥಲ್ಲಿ ಕ್ಯಾಬ್ ಇಟ್ಟಿದ್ದ, ಈಗ ಇಂಥ ಮ್ಯೂಸ್‌ನಲ್ಲಿದ್ದಾನೆ ಎಂದು ಹಳೆಯ ವಿಳಾಸ, ಹಳೆಯ ಕಸುಬು ಎಲ್ಲವನ್ನೂ ಒಂದೇ ಉಸಿರಿನಲ್ಲಿ ಹೇಳುತ್ತದೆ. ಸಾಲ ಕೊಟ್ಟ ಯಾರಿಗೂ ಗುರುತು ತಪ್ಪಬಾರದೆಂದು ಹಾಗೆ ಬರೆಯುತ್ತಿದ್ದರು. ಬೇರೆ ಯಾವ ದಾಖಲೆಯಲ್ಲೂ ಬಡವನ ಇಷ್ಟು ವಿಳಾಸ ಒಟ್ಟಿಗೆ ಸಿಗುವುದಿಲ್ಲ.

ಲಂಡನ್ನಿನವನಾದರೆ ಓಲ್ಡ್ ಬೇಲಿ ಕೋರ್ಟಿನ ವಿಚಾರಣೆಗಳನ್ನೂ ನೋಡಿ. 1674ರಿಂದ 1913ರವರೆಗಿನದು ಜಾಲದಲ್ಲಿ ಉಚಿತವಾಗಿ ಓದಬಹುದು. ಲಾಯದವರು ಅಲ್ಲಿ ಹೆಚ್ಚಾಗಿ ಸಾಕ್ಷಿಗಳಾಗಿ ಬರುತ್ತಾರೆ. ಆಳು ಓಟ್ಸು ಕದ್ದ, ಯಾರೋ ಕುದುರೆ ಬಾಡಿಗೆಗೆ ಒಯ್ದು ಮಾರಿಬಿಟ್ಟ. ಕಟಕಟೆ ಹತ್ತಿದವನು ಮೊದಲು ತನ್ನ ಕಸುಬು, ಅಂಗಳದ ವಿಳಾಸ ಹೇಳುತ್ತಾನೆ. ಆಮೇಲೆ ಬೆಳಿಗ್ಗೆ ಎಷ್ಟು ಹೊತ್ತಿಗೆ ಬಾಗಿಲು ತೆಗೆದೆ, ಕೀಲಿ ಯಾರ ಹತ್ತಿರ ಇತ್ತು ಎಂದೆಲ್ಲ ಹೇಳುತ್ತಾನೆ. ಅವನ ದನಿ ಕೇಳುವುದು ಇಲ್ಲೊಂದೇ ಕಡೆ.

ಪತ್ರಿಕೆಗಳು

ಬ್ರಿಟಿಷ್ ನ್ಯೂಸ್‌ಪೇಪರ್ ಆರ್ಕೈವ್ ಹಣ ಕೊಟ್ಟು ನೋಡುವ ತಾಣ. ವೇಲ್ಸ್‌ನ ಪತ್ರಿಕೆಗಳು ಅಲ್ಲಿನ ರಾಷ್ಟ್ರೀಯ ಲೈಬ್ರರಿಯ ತಾಣದಲ್ಲಿ ಉಚಿತ. ಹೆಸರು ಹಾಕಿ ಹುಡುಕುವುದಕ್ಕಿಂತ ಓಣಿಯ ಹೆಸರು ಹಾಕಿ ಹುಡುಕಿ. ಯಂತ್ರ ಹಳೆಯ ಅಚ್ಚನ್ನು ತಪ್ಪಾಗಿ ಓದಿರುತ್ತದೆ, ಒಂದು ಪದ ತಪ್ಪಿದರೂ ಇನ್ನೊಂದು ಸಿಗಲಿ.

ನಿಮಗೆ ಬೇಕಾದದ್ದು ಮುಖ್ಯವಾಗಿ ಮೂರು ಬಗೆಯ ಸುದ್ದಿ. ಹೊಸದಾಗಿ ಲಾಯ ತೆರೆದಾಗಿನ ಜಾಹೀರಾತು. ಅದರಲ್ಲಿ ಹಿಂದೆ ಯಾರ ಹತ್ತಿರ ಕೆಲಸ ಮಾಡಿದ್ದೆ ಎಂದು ಹೇಳಿಕೊಳ್ಳುತ್ತಾನೆ. ಪ್ರಾಣಿಹಿಂಸೆಯ ಕೇಸು, ಕುಂಟುವ ಕುದುರೆಯನ್ನು ಗಾಡಿಗೆ ಕಟ್ಟಿದ್ದಕ್ಕೆ ದಂಡ. ಕೊನೆಗೆ ಹರಾಜು. ಹರಾಜಿನ ಪ್ರಕಟಣೆಯಲ್ಲಿ ಪ್ರತಿ ಕುದುರೆಯ ಬಣ್ಣ, ಎತ್ತರ, ಗಾಡಿಗಳ ಬಗೆ, ಹುಲ್ಲು ಕತ್ತರಿಸುವ ಯಂತ್ರದವರೆಗೆ ಪಟ್ಟಿ ಇರುತ್ತದೆ. ಕುದುರೆಯ ಬೆಲೆ ಗಿನಿಯಲ್ಲಿ ಇರುವುದು ಸಾಮಾನ್ಯ. ಒಂದು ಗಿನಿಗೆ 21 ಶಿಲಿಂಗ್, ಒಂದು ಪೌಂಡಿಗೆ 20. ನಮ್ಮ ಅಜ್ಜಂದಿರು ರೂಪಾಯಿಗೆ 16 ಆಣೆ ಲೆಕ್ಕ ಹಾಕಿದ ಹಾಗೆ, ಸ್ವಲ್ಪ ಅಭ್ಯಾಸವಾದರೆ ಸಲೀಸು.

ಕಂದಾಯದ ಪುಸ್ತಕ, ಲೈಸೆನ್ಸು, ಮತದಾರರ ಪಟ್ಟಿ

ಇವು ಜಾಲದಲ್ಲಿ ಕಡಿಮೆ, ಊರಿನ ಪತ್ರಾಗಾರದಲ್ಲಿ ಜಾಸ್ತಿ. ಬಡವರ ನೆರವಿಗೆಂದು ಎತ್ತುತ್ತಿದ್ದ ‘ಬಡವರ ಕಂದಾಯ’ ಎಂಬ ತೆರಿಗೆಯ ಪುಸ್ತಕದಲ್ಲಿ ಪ್ರತಿ ಕಟ್ಟಡಕ್ಕೂ ವಾಸ ಇರುವವನು, ಒಡೆಯ, ಬಾಡಿಗೆ ಮೌಲ್ಯ ಬರೆದಿದ್ದಾರೆ. ಗಣತಿ ಮತ್ತು ಡೈರೆಕ್ಟರಿಯ ನಡುವಿನ ಸಂದು ತುಂಬುವುದು ಇದೇ. ಮತದಾರರ ಪಟ್ಟಿಯಲ್ಲಿ ಮತದ ಹಕ್ಕು ಯಾವ ಆಸ್ತಿಯಿಂದ ಬಂತು ಎಂದಿರುತ್ತದೆ. ‘ಮನೆ ಮತ್ತು ಲಾಯ’ ಎಂದು ಕಂಡರೆ ನಿಮ್ಮವನೇ. ಗುಪ್ತ ಮತದಾನ ಬಂದದ್ದು 1872ರಲ್ಲಿ. ಅದಕ್ಕೆ ಮೊದಲಿನ ಪೋಲ್ ಬುಕ್‌ಗಳಲ್ಲಿ ಅವನು ಯಾರಿಗೆ ಮತ ಹಾಕಿದ ಎಂಬುದೂ ಅಚ್ಚಾಗಿದೆ.

ಅವನು ಬಾಡಿಗೆ ಕ್ಯಾಬ್ ಓಡಿಸಿದ್ದರೆ ಲೈಸೆನ್ಸ್ ಬೇಕಿತ್ತು. ಲಂಡನ್ನಿನಲ್ಲಿ 1850ರಿಂದ ಅದು ಮೆಟ್ರೊಪಾಲಿಟನ್ ಪೊಲೀಸರ ಕೈಯಲ್ಲಿತ್ತು. ಬೇರೆ ಊರುಗಳಲ್ಲಿ ಪೊಲೀಸರ ಉಸ್ತುವಾರಿ ನೋಡುತ್ತಿದ್ದ ಪೌರಸಭೆಯ ವಾಚ್ ಕಮಿಟಿಯ ನಡಾವಳಿ ಪುಸ್ತಕ ಕೇಳಿ. ಯಾವ ಊರಿನಲ್ಲಿ ಏನು ಉಳಿದಿದೆ ಎಂದು ತಿಳಿಯಲು ಲಂಡನ್ನಿನ ಕ್ಯೂ ಎಂಬ ಬಡಾವಣೆಯಲ್ಲಿರುವ ನ್ಯಾಷನಲ್ ಆರ್ಕೈವ್ಸ್‌ನ ‘ಡಿಸ್ಕವರಿ’ ಸೂಚಿಯಲ್ಲಿ ಮೊದಲು ಹುಡುಕಿ, ಆಮೇಲೆ ಇಮೇಲ್ ಮಾಡಿ. ಬೆಂಗಳೂರಿನಲ್ಲಿ ಕೂತೇ ಇಷ್ಟು ಮಾಡಬಹುದು.

ಉಯಿಲು

1858ರ ಜನವರಿ 12ಕ್ಕೆ ಮೊದಲು ಉಯಿಲುಗಳು ಚರ್ಚಿನ ಕೋರ್ಟುಗಳಲ್ಲಿ. ದಕ್ಷಿಣ ಇಂಗ್ಲೆಂಡಿನ ಅನುಕೂಲಸ್ಥರದು ಕ್ಯಾಂಟರ್ಬರಿ ಕೋರ್ಟಿನಲ್ಲಿ. ಅವು ನ್ಯಾಷನಲ್ ಆರ್ಕೈವ್ಸ್‌ನಲ್ಲಿ ಪ್ರೋಬ್ 11 ಎಂಬ ಸರಣಿಯಲ್ಲಿವೆ. ಆ ದಿನದ ನಂತರ ಇಡೀ ಇಂಗ್ಲೆಂಡ್, ವೇಲ್ಸ್‌ಗೆ ಒಂದೇ ವಾರ್ಷಿಕ ಸೂಚಿ. ಅದರಲ್ಲಿ ಹೆಸರು, ವಿಳಾಸ, ಕಸುಬು, ಸತ್ತ ದಿನ, ಆಸ್ತಿಯ ಬೆಲೆ ಇರುತ್ತದೆ.

ಉಯಿಲು ಏನೆಲ್ಲ ಹೇಳಬಲ್ಲದು ಎಂಬುದಕ್ಕೆ ನಮ್ಮ ಕಾಲೇಜು ಪಾಠಗಳಲ್ಲಿ ಬರುವ ಕವಿ ಜಾನ್ ಕೀಟ್ಸ್‌ನ ಮನೆತನವೇ ಸಾಕ್ಷಿ. ಕಾಲ ಸ್ವಲ್ಪ ಹಿಂದಿನದು, ಆದರೆ ಕಸುಬು ಇದೇ. ಲಂಡನ್ನಿನ ಮೂರ್‌ಗೇಟ್ ಬಳಿ ‘ಸ್ವಾನ್ ಆಂಡ್ ಹೂಪ್’ ಎಂಬ ಲಿವರಿ ಲಾಯ ಇತ್ತು. ಅದನ್ನು ನಡೆಸುತ್ತಿದ್ದವರು ಕವಿಯ ತಾಯಿಯ ಅಪ್ಪ ಜಾನ್ ಜೆನ್ನಿಂಗ್ಸ್. ಕವಿಯ ತಂದೆ ಥಾಮಸ್ ಅಲ್ಲಿ ಕೆಲಸಕ್ಕಿದ್ದು, 1794ರಲ್ಲಿ ಯಜಮಾನನ ಮಗಳನ್ನೇ ಮದುವೆಯಾದರು, ಮುಂದೆ ಲಾಯ ನೋಡಿಕೊಂಡರು. 1804ರ ಏಪ್ರಿಲ್‌ನಲ್ಲಿ ಕುದುರೆಯಿಂದ ಬಿದ್ದು ತೀರಿಕೊಂಡರು. ಎರಡೇ ತಿಂಗಳಲ್ಲಿ ವಿಧವೆ ಮರುಮದುವೆಯಾದರು. ಮರುವರ್ಷ ಅಜ್ಜ ತೀರಿಕೊಂಡರು. ಅವರ ಉಯಿಲಿನ ಮಾತುಗಳು ಅಸ್ಪಷ್ಟವಾಗಿದ್ದವು, ಮನೆಯವರೇ ಆಸ್ತಿ, ಉಯಿಲಿನ ವ್ಯಾಜ್ಯ ನೋಡುವ ಚಾನ್ಸರಿ ಕೋರ್ಟಿಗೆ ಹೋದರು. ಈ ಸಂಸಾರದ ಹಣಕಾಸು ಇಂದು ನಮಗೆ ತಿಳಿದಿರುವುದು ಬಹುಪಾಲು ಆ ಜಗಳದ ಕಾಗದಗಳಿಂದ. ನಿಮ್ಮವನ ಉಯಿಲಿನಲ್ಲೂ ಗೊಂದಲ ಕಂಡರೆ ಚಾನ್ಸರಿ ಸೂಚಿಯನ್ನು ತಪ್ಪದೆ ನೋಡಿ.

ಬೆಂಗಳೂರಿಗೆ ಬಂದ ಮಗ

ಲಾಯದಲ್ಲಿ ಬೆಳೆದ ಹುಡುಗರು ಸೈನ್ಯದ ಅಶ್ವದಳ ಸೇರುವುದು ಸಹಜವಾಗಿತ್ತು. ಮಗ ಗಣತಿಯಿಂದ ಮಾಯವಾದರೆ ಈ ಸಾಧ್ಯತೆ ಯೋಚಿಸಿ. ಪಿಂಚಣಿ ಪಡೆದ ಸಿಪಾಯಿಗಳ ಕಾಗದ ನ್ಯಾಷನಲ್ ಆರ್ಕೈವ್ಸ್‌ನ ಡಬ್ಲ್ಯುಒ 97 ಸರಣಿಯಲ್ಲಿದೆ. ಸೇರುವ ಮೊದಲು ಏನು ಕೆಲಸ ಎಂಬ ಕಾಲಂನಲ್ಲಿ ‘ಗ್ರೂಮ್’ ಎಂದು ಕಾಣುವುದು ಬಹಳ. ಬೆಂಗಳೂರು ದಂಡು ಬ್ರಿಟಿಷ್ ಅಶ್ವದಳಗಳಿಗೆ ಕಾಯಂ ನೆಲೆ. ಚರ್ಚಿಲ್ ಇದ್ದ 4ನೇ ಹುಸಾರ್ಸ್ ದಳ 1896ರಲ್ಲಿ ಬಂದದ್ದೂ ಇಲ್ಲಿಗೇ. ಅಂಥ ಸಿಪಾಯಿ ಇಲ್ಲಿ ಮದುವೆಯಾಗಿದ್ದರೆ, ಸತ್ತಿದ್ದರೆ, ಮಗುವಿಗೆ ಬ್ಯಾಪ್ಟಿಸಂ ಮಾಡಿಸಿದ್ದರೆ, ಅದರ ನಕಲು ಬ್ರಿಟಿಷ್ ಲೈಬ್ರರಿಯ ಇಂಡಿಯಾ ಆಫೀಸ್ ದಾಖಲೆಗಳಲ್ಲಿ ಎನ್/2 ಎಂಬ ಮದ್ರಾಸ್ ಸರಣಿಯಲ್ಲಿರುತ್ತದೆ. ಇದೇ ದಾರಿಯಲ್ಲಿ ಹಿಂದಕ್ಕೆ ನಡೆದು ದಂಡಿನ ಮನೆತನವೊಂದು ಇಂಗ್ಲೆಂಡಿನ ಯಾವುದೋ ಲಾಯದ ಬಾಗಿಲು ತಲುಪಬಹುದು.

ಒಂದೇ ಹೆಸರಿನ ಇಬ್ಬರು

ಇದನ್ನು ಕೊನೆಗೆ ಇಟ್ಟಿದ್ದೇನೆ, ನೀವು ಮೊದಲ ದಿನದಿಂದಲೇ ಪಾಲಿಸಿ. ಅದೇ ಹೆಸರು, ಅದೇ ವಯಸ್ಸು, ಅದೇ ಪಟ್ಟಣ, ಆದರೂ ಬೇರೆ ಮನುಷ್ಯ. ನನಗೆ ಹೀಗಾಗಿ ಒಂದು ಚಳಿಗಾಲ ಪೂರ್ತಿ ಇನ್ನೊಬ್ಬನ ಸಂಸಾರ ಹುಡುಕುತ್ತಾ ಕಳೆಯಿತು. ತಪ್ಪು ತಿಳಿದದ್ದು ಅಂಗಳದಿಂದ. ಆ ಇನ್ನೊಬ್ಬನ ಮಕ್ಕಳ ಕಾಗದಗಳಲ್ಲಿ ಒಮ್ಮೆಯೂ ನನ್ನ ಓಣಿಯ ಹೆಸರು ಇರಲಿಲ್ಲ. ಅಂದಿನಿಂದ ಒಂದು ಕಟ್ಟುನಿಟ್ಟು ಇಟ್ಟುಕೊಂಡಿದ್ದೇನೆ. ಹೆಸರಿನ ಜೊತೆ ಇನ್ನೆರಡು ಗುರುತು ಕೂಡದೆ ಯಾವ ಕಾಗದವನ್ನೂ ಅವನದು ಎನ್ನುವುದಿಲ್ಲ. ವಿಳಾಸ, ಹೆಂಡತಿಯ ಹೆಸರು, ಹುಟ್ಟಿದ ಊರು, ಕಸುಬು, ಸಾಕ್ಷಿಗಳು. ಇವುಗಳಲ್ಲಿ ಎರಡು. ಪ್ರತಿ ಕಾಗದವನ್ನು ಬರೆದುಕೊಳ್ಳುವಾಗ, ಇದನ್ನು ಹೇಳಿದವರು ಯಾರು, ಬರೆದವರು ಯಾರು, ಯಾಕೆ ಎಂದೂ ಪಕ್ಕದಲ್ಲಿ ಬರೆಯಿರಿ. ಮರಣದ ಕಾಗದದಲ್ಲಿನ ವಯಸ್ಸನ್ನು ಸತ್ತವನೇ ಬಂದು ಹೇಳಿಲ್ಲವಲ್ಲ.

ನನ್ನ ಹುಡುಕಾಟ ನಿಂತದ್ದು ಊರಿನ ಪತ್ರಾಗಾರದಲ್ಲಿ, ಕಂದಾಯದ ಪುಸ್ತಕದ ಮುಂದೆ. ಸ್ಪಂಜಿನ ದಿಂಬಿನ ಮೇಲೆ ಇಟ್ಟು ತೆರೆಯಬೇಕಾದಷ್ಟು ದಪ್ಪ ಪುಸ್ತಕ. ಓಣಿ, ಮನೆ ಸಂಖ್ಯೆ, ‘ಲಾಯ ಮತ್ತು ಅಂಗಳ’. ವಾಸ ಇರುವವನ ಕಾಲಂನಲ್ಲಿ ಅವನ ಹೆಸರು. ಅದರ ಮೇಲೆ ಶಾಯಿಯ ಒಂದು ಗೀಟು. ಗೀಟಿನ ಮೇಲುಗಡೆ ಸಣ್ಣ ಅಕ್ಷರದಲ್ಲಿ ಅವನ ಹೆಂಡತಿಯ ಹೆಸರು. ಬಾಡಿಗೆ ಮೌಲ್ಯ ಮೊದಲಿನಷ್ಟೇ ಇತ್ತು.